ಉರಿಗೆ ಬೆಲೆ ಕಟ್ಟುವವರು



ಅಮೆರಿಕದ ಕೆಂಟಕಿ ರಾಜ್ಯದಲ್ಲಿ ತಯಾರಾಗುವ ‘ಬ್ಯಾರೆಲ್ ಪ್ರೂಫ್’ ಬರ್ಬನ್ ವಿಸ್ಕಿಯ ಕುರಿತು ಇಂದು ಬರೆಯುತ್ತಿದ್ದೇನೆ. ಜೀವನವಿಡೀ ರಸಾಯನಶಾಸ್ತ್ರ ಬೋಧಿಸಿದ ಮೇಷ್ಟ್ರಿಗೆ ಈ ಗೊಡವೆ ಏಕೆ ಎಂದು ಹುಬ್ಬೇರಿಸುವವರು ಹುಬ್ಬೇರಿಸಲಿ. ಆ ದೇಶದಲ್ಲಿರುವ ನನ್ನ ಶಿಷ್ಯರಲ್ಲಿ ಕೆಲವರು ಈ ಸೀಸೆಗಳಿಗೆ ತೆರುತ್ತಿರುವ ಹಣವನ್ನೂ ಅದಕ್ಕೆ ಕೊಡುತ್ತಿರುವ ಕಾರಣಗಳನ್ನೂ ಕೇಳಿದ ಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಅವರ ಮನೆಗಳಲ್ಲಿ ನಾನೂ ಅದರ ರುಚಿ ನೋಡಿದ್ದೇನೆ. ಆದ್ದರಿಂದ ಇದು ಮಡಿವಂತನ ಉಪದೇಶವಲ್ಲ. ಲೆಕ್ಕ ಬಲ್ಲವನ ತಕರಾರು.

ಮೊದಲು ವಸ್ತುವನ್ನು ತಿಳಿಯೋಣ. ಅಮೆರಿಕದ ಕಾನೂನಿನಂತೆ ಬರ್ಬನ್ನಿನ ಧಾನ್ಯದಲ್ಲಿ ಶೇ. 51ಕ್ಕೆ ಕಡಿಮೆಯಿಲ್ಲದಷ್ಟು ಮೆಕ್ಕೆಜೋಳವಿರಬೇಕು. ಒಳಮೈ ಸುಟ್ಟ ಹೊಸ ಓಕ್ ಮರದ ಪೀಪಾಯಿಯಲ್ಲಿ ಅದು ಮಾಗಬೇಕು. ಪೀಪಾಯಿ ತುಂಬುವಾಗ ಮದ್ಯಸಾರ ಶೇ. 62.5 ಅನ್ನು, ಅಂದರೆ 125 ಪ್ರೂಫನ್ನು, ಮೀರಬಾರದು. (ಅಮೆರಿಕದ ಪ್ರೂಫ್ ಎಂದರೆ ಮದ್ಯಸಾರದ ಶೇಕಡಾವಾರು ಪ್ರಮಾಣದ ಎರಡರಷ್ಟು.) ಸಾಧಾರಣ ಬರ್ಬನ್ನಿಗೆ ನೀರು ಬೆರೆಸಿ 80, 90 ಅಥವಾ 100 ಪ್ರೂಫಿಗೆ ಇಳಿಸಿ ಸೀಸೆಗೆ ತುಂಬುತ್ತಾರೆ. ಬ್ಯಾರೆಲ್ ಪ್ರೂಫ್ ಎಂಬುದನ್ನು ಪೀಪಾಯಿಯಿಂದ ತೆಗೆದಾಗಿನ ತೀಕ್ಷ್ಣತೆಯಲ್ಲಿಯೇ ತುಂಬುತ್ತಾರೆ. ವ್ಯತ್ಯಾಸ ಇಷ್ಟೇ: ಅವರು ಹಾಕಬೇಕಿದ್ದ ನೀರನ್ನು ಹಾಕಿಲ್ಲ.

ಹಾಗಾದರೆ ಹಾಕದ ನೀರಿಗೆ ಬೆಲೆ ಎಷ್ಟು? ಇದು ಏಳನೆಯ ತರಗತಿಯ ಲೆಕ್ಕ. 120 ಪ್ರೂಫಿನ 750 ಮಿ.ಲೀ. ಸೀಸೆಯಲ್ಲಿ 450 ಮಿ.ಲೀ. ಶುದ್ಧ ಮದ್ಯಸಾರವಿದೆ. ಅದನ್ನು 90 ಪ್ರೂಫಿಗೆ ಇಳಿಸಿದರೆ ಹೆಚ್ಚುಕಡಿಮೆ ಒಂದು ಲೀಟರ್ ಆಗುತ್ತದೆ. ಅಂದರೆ ಅದೇ ತಯಾರಕರ, ಅಷ್ಟೇ ಮಾಗಿದ 90 ಪ್ರೂಫಿನ ಸೀಸೆಗೆ 30 ಡಾಲರ್ ಇದ್ದರೆ, ಇದಕ್ಕೆ 40 ಡಾಲರ್ ನ್ಯಾಯವಾದ ಬೆಲೆ. ಅದಕ್ಕಿಂತ ಹೆಚ್ಚಿಗೆ ಕೇಳುವ ಪ್ರತಿಯೊಂದು ಡಾಲರನ್ನೂ ಆ ಪಾನೀಯವು ನಾಲಿಗೆಯ ಮುಂದೆ ಸಂಪಾದಿಸಿಕೊಳ್ಳಬೇಕು. ಇದು ನನ್ನ ಮೊದಲ ಸೂತ್ರ.

ಆದರೆ ನಾಲಿಗೆಗೆ ತೀರ್ಪು ಕೊಡುವ ಅವಕಾಶವನ್ನಾದರೂ ಕೊಡುತ್ತಾರೆಯೇ? ‘ನೀರು ಬೆರೆಸಿದರೆ ಅಪಚಾರ’ ಎಂಬುದು ಈ ಹೊಸ ಭಕ್ತರ ಮಡಿ. ಗಂಟಲು ಉರಿದಷ್ಟೂ ಸರಕು ಉತ್ತಮವೆಂಬುದು ಅವರ ನಂಬಿಕೆ. ಮೆಣಸಿನಕಾಯಿಯ ಖಾರವನ್ನು ಗ್ರಹಿಸುವ ನರಗಳನ್ನೇ ಮದ್ಯಸಾರವೂ ಕೆರಳಿಸುತ್ತದೆ. ಉರಿ ರುಚಿಯಲ್ಲ, ನೋವು. ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ನೆನೆಯಿರಿ. ಅದಕ್ಕೆ ಪೇಟೆಯಲ್ಲಿ ಬೆಲೆ ಬಂದಿರುವುದು ಖಾರದಿಂದಲ್ಲ, ಬಣ್ಣದಿಂದ. ಹಾವೇರಿ ಕಡೆಯ ರೈತನಿಗೆ ತಿಳಿದ ಈ ವಿವೇಕ ಪದವೀಧರರಿಗೆ ಏಕೆ ಹೊಳೆಯಬಾರದು?

ವಿಜ್ಞಾನವೂ ನೀರಿನ ಪಕ್ಷದಲ್ಲಿದೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಗ್ವಾಯಕಾಲ್ ಎಂಬ ಪರಿಮಳದ್ರವ್ಯದ ವರ್ತನೆಯನ್ನು ಗಣಕಯಂತ್ರದ ಮಾದರಿಯಲ್ಲಿ ಪರಿಶೀಲಿಸಿದರು. ಮದ್ಯಸಾರ ಶೇ. 45ರವರೆಗೆ ಇದ್ದಾಗ ಅದು ದ್ರವದ ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ, ಬಂದು ನಿಲ್ಲುತ್ತದೆ, ಶೇ. 59 ಮೀರಿದರೆ ಮದ್ಯಸಾರದ ಅಣುಗಳ ನಡುವೆ ಸಿಲುಕಿ ಒಳಗೇ ಉಳಿಯುತ್ತದೆ. ಪರಿಮಳಕ್ಕೆಂದು ಹಣ ಕೊಟ್ಟು ಅದನ್ನು ಸೆರೆಯಲ್ಲಿಟ್ಟು ನುಂಗುವುದು ಯಾವ ರಸಿಕತೆ!

ಇನ್ನು ವಯಸ್ಸಿನ ಮಾತು. ಪೀಪಾಯಿಯಿಂದ ವರ್ಷವರ್ಷವೂ ಆವಿಯಾಗಿ ಹೋಗುವ ಭಾಗವನ್ನು ಅಲ್ಲಿಯವರು ‘ದೇವದೂತರ ಪಾಲು’ ಎನ್ನುತ್ತಾರೆ. ವರ್ಷಕ್ಕೆ ಶೇ. 4ರಂತೆ ಹೋದರೂ 12 ವರ್ಷಗಳಲ್ಲಿ ಶೇ. 39ರಷ್ಟು ಮಾಯವಾಗುತ್ತದೆ. ಈ ನಷ್ಟ ನಿಜ; ಅದಕ್ಕೆ ತಕ್ಕ ಬೆಲೆ ಕೊಡುವುದೂ ಸರಿ. ಆದರೆ ಆ ನಷ್ಟವನ್ನು ತಯಾರಕನು ತನ್ನ ಬೆಲೆಯಲ್ಲಿ ಆಗಲೇ ಸೇರಿಸಿದ್ದಾನೆ. ಮೇಲಾಗಿ ಹೊಸ ಓಕ್ ಮರದಲ್ಲಿ ಅತಿಯಾಗಿ ಕುಳಿತ ಬರ್ಬನ್ ಒಗರಾಗುತ್ತದೆ, ಕಹಿಯಾಗುತ್ತದೆ. ವರ್ಷಗಳ ಸಂಖ್ಯೆ ಹವೆಯನ್ನು ಅವಲಂಬಿಸಿದ್ದು. ಬರ್ಬನ್ ಅಲ್ಲದಿದ್ದರೂ ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಇದಕ್ಕೆ ಸಾಕ್ಷಿ. ಸ್ಕಾಟ್‌ಲೆಂಡಿಗಿಂತ ಬೇಗ ಮಾಗುವ ಅದು 2004ರಲ್ಲಿ ಗ್ಲಾಸ್ಗೋ ನಗರದಲ್ಲಿ ಬಿಡುಗಡೆಯಾದಾಗ ಸೀಸೆಯ ಮೇಲೆ ವಯಸ್ಸು ಬರೆದುಕೊಂಡಿರಲಿಲ್ಲ. ರುಚಿಯಿಂದಲೇ ಹೆಸರು ಗಳಿಸಿತು.

‘ಮಾರುಕಟ್ಟೆ ಕೊಡುವ ಬೆಲೆಯೇ ನಿಜವಾದ ಬೆಲೆಯಲ್ಲವೇ, ಸಾರ್?’ ಎಂದು ಒಬ್ಬ ಶಿಷ್ಯ ನನ್ನೊಡನೆ ವಾದಿಸಿದ. ಅಂಗಡಿಯ ಬೆಲೆಗೆ ಹಲವು ಪಟ್ಟು ಕೊಟ್ಟು, ಕೈಯಿಂದ ಕೈಗೆ ಕೊಂಡ ಸೀಸೆಗಳನ್ನು ಆತ ಕಪಾಟಿನಲ್ಲಿಟ್ಟಿದ್ದಾನೆ, ಒಂದನ್ನೂ ತೆರೆದಿಲ್ಲ. ಅವನಿಗೆ ನನ್ನ ಉತ್ತರ ಇದು. 2016ರ ಡಿಸೆಂಬರಿನಲ್ಲಿ ‘ಬುಕರ್ಸ್’ ಎಂಬ ಬ್ಯಾರೆಲ್ ಪ್ರೂಫ್ ಬರ್ಬನ್ನಿನ ಬೆಲೆಯನ್ನು ಸುಮಾರು 60 ಡಾಲರಿನಿಂದ 100 ಡಾಲರಿಗೆ ಏರಿಸುವುದಾಗಿ ತಯಾರಕರು ಸಾರಿದರು. ಗ್ರಾಹಕರು ಸಿಡಿದೆದ್ದ ಮೇಲೆ ಏರಿಕೆಯನ್ನು ಹಂತಹಂತವಾಗಿ ಮಾಡುವುದಾಗಿ ಹಿಂದೆ ಸರಿದರು. ಈ ಗದ್ದಲದ ನಡುವೆ ಸೀಸೆಯೊಳಗಿನ ದ್ರವದಲ್ಲಿ ಏನು ಬದಲಾಗಿತ್ತು? ಏನೂ ಇಲ್ಲ. ಬೆಲೆ ಎಂಬುದು ಮಾರುವವನ ಧೈರ್ಯ ಮತ್ತು ಕೊಳ್ಳುವವನ ಆತುರಗಳ ನಡುವಿನ ಒಪ್ಪಂದ; ಮೌಲ್ಯವಾದರೋ ಕುಡಿದವನ ಅನುಭವ. 2013ರಲ್ಲಿ ‘ಮೇಕರ್ಸ್ ಮಾರ್ಕ್’ ಕಂಪನಿಯು 90 ಪ್ರೂಫನ್ನು 84ಕ್ಕೆ ಇಳಿಸುತ್ತೇವೆಂದಾಗ, ನೀರಿಗೆ ಹಣ ಕೊಡುವುದಿಲ್ಲವೆಂದು ಜನ ಪ್ರತಿಭಟಿಸಿ ಕೆಲವೇ ದಿನಗಳಲ್ಲಿ ಆ ತೀರ್ಮಾನವನ್ನು ಹಿಂತೆಗೆಸಿದರು. ಹಾಕಿದ ನೀರಿನ ಲೆಕ್ಕ ಕೇಳಬಲ್ಲ ಜನರು ಹಾಕದ ನೀರಿನ ಲೆಕ್ಕವನ್ನೂ ಕೇಳಬೇಡವೇ?

ಬ್ಯಾರೆಲ್ ಪ್ರೂಫಿನಲ್ಲಿ ಗುಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ನೀರಿನ ಹದವನ್ನು ನಿರ್ಧರಿಸುವ ಅಧಿಕಾರ ಕಾರ್ಖಾನೆಯಿಂದ ನಿಮ್ಮ ಕೈಗೆ ಬರುತ್ತದೆ. ಅದೇ ಅದರ ದೊಡ್ಡ ಗುಣ. ಆ ಅಧಿಕಾರವನ್ನು ಚಲಾಯಿಸಿರಿ. 120 ಪ್ರೂಫಿನ 30 ಮಿ.ಲೀ. ಅಳೆದುಕೊಳ್ಳಿ. ಮೊದಲು ಮೂಸಿ, ಒಂದು ತೊಟ್ಟು ಹಾಗೆಯೇ ನಾಲಿಗೆಗೆ ಇಡಿ. ಬಳಿಕ ಚಮಚದಿಂದ ಸ್ವಲ್ಪಸ್ವಲ್ಪವಾಗಿ 10 ಮಿ.ಲೀ. ನೀರು ಬೆರೆಸಿದರೆ ಅದು 90 ಪ್ರೂಫಿಗೆ ಬರುತ್ತದೆ. ಆಗ ವೆನಿಲ್ಲಾ, ಕೊಬ್ಬರಿ, ಸುಟ್ಟ ಸಕ್ಕರೆಯ ಪರಿಮಳಗಳು ಹಿಂದಿಗಿಂತ ತೆರೆದುಕೊಂಡವೇ, ಅಥವಾ ಉರಿ ಹೋದ ಮೇಲೆ ಬರಿಯ ಸಪ್ಪೆ ಉಳಿಯಿತೇ? ಪಕ್ಕದಲ್ಲಿ ಅದೇ ತಯಾರಕರ ಅಗ್ಗದ ಸೀಸೆಯ ಒಂದು ಲೋಟವಿಟ್ಟು, ಯಾವುದು ಯಾವುದೆಂದು ನೋಡದೆ ಹೋಲಿಸಿ. ವ್ಯತ್ಯಾಸ ತಿಳಿಯದಿದ್ದರೆ ಕೊಟ್ಟ ಹೆಚ್ಚಿನ ಹಣ ಲೇಬಲ್ಲಿಗೆ ಸಂದಿತೆಂದು ತಿಳಿಯಿರಿ.

ಹಣಕ್ಕಿಂತ ಹಿರಿದಾದ ಇನ್ನೊಂದು ಲೆಕ್ಕವಿದೆ. ಅಮೆರಿಕದಲ್ಲಿ ‘ಒಂದು ಪಾನೀಯ’ ಎಂದರೆ ಶೇ. 40ರ ಮದ್ಯ ಸುಮಾರು 44 ಮಿ.ಲೀ. ಅಷ್ಟೇ ಅಳತೆಯ 120 ಪ್ರೂಫಿನ ಬರ್ಬನ್ ಒಂದೂವರೆಯಾಗುತ್ತದೆ. ಎರಡೇ ಕುಡಿದೆನೆಂದು ಕಾರು ಹತ್ತುವವನು ಮೂರು ಕುಡಿದಿರುತ್ತಾನೆ. ನಿಮ್ಮ ಸಂಗ್ರಹದ ಬೆಲೆಯನ್ನು ನನಗೆ ಹೇಳಬೇಡಿ. ಕುಡಿಯುವವರು ಈ ಅಳತೆಯನ್ನು ಮರೆಯಬೇಡಿ. ಕುಡಿಯದವರು ಇನ್ನೂ ಸುಖಿಗಳು.