ದಿನಕ್ಕೊಂದು ಗಿಡ, ಬರೀ ಕಾಲು ಗಂಟೆ

ಇನ್ನು ಮೂರ್ನಾಲ್ಕು ವರ್ಷದಲ್ಲಿ ನಮ್ಮಲ್ಲಿ ಬಹಳ ಜನ ಯಾವುದಾದರೂ ಸೈಟಿನಲ್ಲಿ ನಿಂತಿರ್ತೀವಿ. ರಸ್ತೆ ಅಗಲ ಮಾಡೋದು, ಲೇಔಟ್ ಹಾಕೋದು, ಪೈಪ್‌ಲೈನ್ ಎಳೆಯೋದು, ಏನೋ ಒಂದು. ಜಾಗದಲ್ಲಿ ಯಾವ ಯಾವ ಮರ ಇವೆ ಅಂತ ಪಟ್ಟಿ ಮಾಡು ಅಂತಾರೆ. ಬೇವು, ಆಲ, ಹುಣಸೆ ಬರೆಯೋ ತನಕ ತೊಂದರೆ ಇಲ್ಲ. ಆಮೇಲೆ ಪೆನ್ನು ನಿಲ್ಲುತ್ತೆ. ಉಳಿದದ್ದಕ್ಕೆಲ್ಲ ಒಂದೇ ಪದ: ‘ಇತರೆ’.

ನನ್ನ ತಕರಾರು ಇರೋದು ಈ ‘ಇತರೆ’ ಮೇಲೆ. ಹೆಸರು ಗೊತ್ತಿಲ್ಲದ್ದನ್ನು ಕಡಿಯೋದು ಬಹಳ ಸುಲಭ. ಅದಕ್ಕೇ ನಾನು ಹೇಳೋದು, ಸುತ್ತಲಿನ ಗಿಡಮರ ಗುರುತಿಸೋದು ಇಂಜಿನಿಯರಿಗೆ ಹವ್ಯಾಸ ಅಲ್ಲ, ಕಸುಬಿನ ಭಾಗ. ಇದನ್ನ ನಮಗಿಂತ ಚೆನ್ನಾಗಿ ತೋರಿಸಿಕೊಟ್ಟವನು ಒಬ್ಬ ಡಾಕ್ಟರು.

ಹ್ಯೂ ಕ್ಲೆಗ್‌ಹಾರ್ನ್ ಹುಟ್ಟಿದ್ದು 1820ರಲ್ಲಿ, ಮದ್ರಾಸಿನಲ್ಲಿ. ಸ್ಕಾಟ್ಲೆಂಡ್ ಮನೆತನ. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿ 1842ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಡಾಕ್ಟರಾಗಿ ಮರಳಿ ಬಂದ. ಕೆಲವು ವರ್ಷ ಶಿವಮೊಗ್ಗದಲ್ಲಿ ಕೆಲಸ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರ್ ಕೈಯಲ್ಲಿತ್ತು. ಔಷಧ ಅಂದರೆ ಹೆಚ್ಚಿನದೆಲ್ಲ ಗಿಡಮೂಲಿಕೆಯೇ ಆಗಿದ್ದ ಕಾಲ, ಹಾಗಾಗಿ ಡಾಕ್ಟರ್ ಓದಿನಲ್ಲಿ ಸಸ್ಯಶಾಸ್ತ್ರವೂ ಇರುತ್ತಿತ್ತು. ದಿನಕ್ಕೆ ಒಂದು ಗಿಡವನ್ನು ಕಾಲು ಗಂಟೆ ಕೂತು ನೋಡು ಅಂತ ಸಸ್ಯಶಾಸ್ತ್ರಜ್ಞ ವಿಲಿಯಂ ಹೂಕರ್ ಕೊಟ್ಟ ಸಲಹೆಯನ್ನ ಈತ ಗಟ್ಟಿಯಾಗಿ ಹಿಡಿದ. ಶಿವಮೊಗ್ಗದಲ್ಲಿ ಒಬ್ಬ ಮರಾಠಿ ಕಲಾವಿದನನ್ನು ಇಟ್ಟುಕೊಂಡು ಕಂಡ ಗಿಡಗಳ ಚಿತ್ರ ಬರೆಸಿದ. ಕ್ಲೆಗ್‌ಹಾರ್ನ್ ಸಂಗ್ರಹದ ಚಿತ್ರಗಳು ಇವತ್ತಿಗೂ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ.

ಕಾಲು ಗಂಟೆ ನೋಟದಿಂದ ಏನಾಯಿತು? ಗಿಡ ನೋಡುತ್ತಾ ನೋಡುತ್ತಾ ಕಾಡು ಕರಗುತ್ತಿರುವುದು ಕಣ್ಣಿಗೆ ಬಿತ್ತು. ಕಾಯಿಲೆ ಬಿದ್ದು ಊರಿಗೆ ಹೋದ ಮೇಲೂ ಅದನ್ನ ಬಿಡಲಿಲ್ಲ. ಉಷ್ಣವಲಯದ ಕಾಡು ನಾಶವಾದರೆ ಏನಾಗುತ್ತೆ ಅಂತ 1851ರಲ್ಲಿ ಬ್ರಿಟಿಷ್ ವಿಜ್ಞಾನಿಗಳ ಸಂಘದ ಮುಂದೆ ವರದಿ ಇಟ್ಟ. 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ. ಅದೇ ಹೊತ್ತಿಗೆ ದಕ್ಷಿಣದಲ್ಲಿ ರೈಲು ಬಂತು. ಹಳಿಯ ಕೆಳಗೆ ಸ್ಲೀಪರ್, ಬಾಯ್ಲರಿಗೆ ಸೌದೆ, ಎಲ್ಲಾ ಕಾಡಿನಿಂದಲೇ ಬರಬೇಕು. 1861ರಲ್ಲಿ ಬಂದ ದಕ್ಷಿಣ ಭಾರತದ ಕಾಡು, ತೋಟಗಳ ಮೇಲಿನ ತನ್ನ ಪುಸ್ತಕದಲ್ಲಿ ರೈಲಿನ ಈ ಹಸಿವಿನ ಲೆಕ್ಕವನ್ನೂ ಹಾಕಿದ. ಒಂದು ಮೈಲಿ ಹಳಿಗೆ ಎಷ್ಟು ಸ್ಲೀಪರ್ ಬೇಕು ಅನ್ನೋದು ಇಂಜಿನಿಯರಿಗೂ ಗೊತ್ತಿತ್ತು. ಅಷ್ಟು ಮರ ಬೆಳೆಯೋಕೆ ಎಷ್ಟು ವರ್ಷ ಬೇಕು ಅನ್ನೋದನ್ನ ಕೇಳಲು ಗಿಡ ಬಲ್ಲ ಡಾಕ್ಟರೇ ಬೇಕಾಯಿತು.

ಹಾಗಂತ ಇವನನ್ನ ದೇವರು ಮಾಡೋದು ಬೇಡ. ಕುಮರಿ ಬೇಸಾಯದವರನ್ನು ಈತ ಕಾಡಿನ ಶತ್ರುಗಳ ಸಾಲಿಗೆ ಸೇರಿಸಿದ. 1860ರಲ್ಲಿ ಮದ್ರಾಸ್ ಸರಕಾರ ಸರಕಾರಿ ಕಾಡುಗಳಲ್ಲಿ ಅನುಮತಿ ಇಲ್ಲದೆ ಕುಮರಿ ಮಾಡುವುದನ್ನು ನಿಲ್ಲಿಸಿತು. ರೈಲಿಗೆ ಮರ ಸಿಕ್ಕಿತು, ಗುಡ್ಡದ ಮೇಲೆ ರಾಗಿ ಬಿತ್ತುವವನಿಗೆ ತಡೆ ಬಿತ್ತು. ಇನ್ನೊಂದು ನೋಡ್ರಿ. ಕ್ಲೆಗ್‌ಹಾರ್ನ್ ಹೆಸರಲ್ಲಿ ಒಂದು ಸಸ್ಯ ಕುಲವೇ ಇದೆ, ಕ್ಲೆಗ್‌ಹಾರ್ನಿಯಾ. ಶಿವಮೊಗ್ಗದಲ್ಲಿ ಕೂತು ಕುಂಚ ಹಿಡಿದವನು ಮಾತ್ರ ‘ಒಬ್ಬ ಮರಾಠಿ ಕಲಾವಿದ’ ಆಗಿಯೇ ಉಳಿದ. ಅವನೂ ಒಂಥರಾ ‘ಇತರೆ’.

ಇನ್ನೊಬ್ಬ ಡಾಕ್ಟರನ್ನ ಇಲ್ಲಿ ನೆನೆಯಲೇಬೇಕು. ಇಂಗ್ಲೆಂಡಿನ ವಿಲಿಯಂ ವಿದರಿಂಗ್. ನಮ್ಮ ಸ್ಟೀಮ್ ಇಂಜಿನ್ ಪಾಠದ ಜೇಮ್ಸ್ ವಾಟ್‌ಗೆ ಸ್ನೇಹಿತ, ಬರ್ಮಿಂಗ್‌ಹ್ಯಾಮಿನಲ್ಲಿ ಇಬ್ಬರೂ ಒಂದೇ ಗೆಳೆಯರ ಬಳಗದಲ್ಲಿದ್ದವರು. ಮೈ ಊತಕ್ಕೆ ಒಬ್ಬ ಹಳ್ಳಿ ಮುದುಕಿ ಕೊಡುತ್ತಿದ್ದ ಔಷಧದ ಬಗ್ಗೆ 1775ರಲ್ಲಿ ಯಾರೋ ಇವನ ಅಭಿಪ್ರಾಯ ಕೇಳಿದರು. ಅದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬೇರುಸೊಪ್ಪು. ಸಸ್ಯಶಾಸ್ತ್ರ ಗೊತ್ತಿದ್ದದ್ದರಿಂದ, ಕೆಲಸ ಮಾಡೋದು ಫಾಕ್ಸ್‌ಗ್ಲವ್ ಒಂದೇ ಅಂತ ಹಿಡಿದ. ಮುಂದೆ ಹತ್ತು ವರ್ಷ ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ವಿಷ ಅಂತ ಅಳೆದ. 1785ರ ಪುಸ್ತಕದಲ್ಲಿ ಗುಣವಾದವರ ಜೊತೆ ಗುಣವಾಗದವರನ್ನೂ ದಾಖಲಿಸಿದ. ಇದೇ ಜಾತಿಯ ಗಿಡದಿಂದ ತೆಗೆಯುವ ಡಿಗಾಕ್ಸಿನ್ ಇವತ್ತಿಗೂ ಹೃದಯದ ಔಷಧ. ಮುದುಕಿಯ ಮಾತನ್ನ ಆತ ಮೂಢನಂಬಿಕೆ ಅಂತ ತಳ್ಳಿಹಾಕಲಿಲ್ಲ, ಕಣ್ಣು ಮುಚ್ಚಿ ನಂಬಲೂ ಇಲ್ಲ. ಪರೀಕ್ಷೆ ಮಾಡಿದ. ವಾಟ್ಸಾಪಿನಲ್ಲಿ ಬರೋ ಮನೆಮದ್ದು ನೋಡುವಾಗ ನಮಗೆ ಈ ಮೂರನೇ ದಾರಿ ನೆನಪಿರಲಿ.

ಫಾಕ್ಸ್‌ಗ್ಲವ್ ನಮ್ಮ ಬಿಸಿಲಿಗೆ ಬರೋ ಗಿಡ ಅಲ್ಲ. ಆದರೆ ಅದರಂತೆಯೇ ಹೃದಯಕ್ಕೆ ನಾಟುವ ವಿಷ ಇರೋ ಗಿಡ ನಮ್ಮ ರಸ್ತೆ ಡಿವೈಡರಿನಲ್ಲೇ ಇದೆ. ಅದು ಕಣಗಲ. ಹೂ ಚಂದ, ಬರಗಾಲ ತಡೆಯುತ್ತೆ, ದನ ಮುಟ್ಟಲ್ಲ ಅಂತ ಹೆದ್ದಾರಿ ಉದ್ದಕ್ಕೂ ನೆಡುತ್ತಾರೆ. ದನ ಯಾಕೆ ಮುಟ್ಟಲ್ಲ ಅಂತ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ? ಫೆಬ್ರವರಿ, ಮಾರ್ಚಿನಲ್ಲಿ ಬೀದರ್–ಔರಾದ್ ಕಡೆ ಕೆಂಡದ ಹಾಗೆ ಹೂ ಬಿಡೋ ಮುತ್ತಲವನ್ನೇ ತಗೊಳ್ಳಿ. ಅದರ ಎಲಿಯಲ್ಲಿ ನಾವು ಊಟ ಮಾಡಿದ್ದೀವಿ. ಅದರ ವೈಜ್ಞಾನಿಕ ಹೆಸರು ಬ್ಯೂಟಿಯಾದಲ್ಲಿ ಕೂತಿರೋದು ಬ್ಯೂಟ್ ಅನ್ನೋ ಬ್ರಿಟಿಷ್ ಪ್ರಧಾನಿ. ಲೋಕಕ್ಕೆ ಆ ಹೆಸರು ಇರಲಿ. ಆದರೆ ‘ಮುತ್ತಲ’ ಅನ್ನೋ ಹೆಸರನ್ನ ಮರೆತರೆ ಅದು ನಮ್ಮ ತಪ್ಪು.

ಗೂಗಲ್ ಲೆನ್ಸ್ ಇದೆಯಲ್ಲ ಅಂತೀರಿ. ಇರಲಿ, ಬಳಸೋಣ. ಅದು ಹೆಸರು ಹೇಳುತ್ತೆ. ನಮ್ಮ ಕೆಂಪು ಮುರದ ನೆಲದಲ್ಲಿ ಈ ಗಿಡ ಯಾವ ತಿಂಗಳು ಚಿಗುರುತ್ತೆ, ಯಾವ ವರ್ಷ ಒಣಗಿತು ಅನ್ನೋದು ಇಲ್ಲೇ ಇದ್ದು ನೋಡಿದವರಿಗೇ ಗೊತ್ತು. ಸೆಮಿಸ್ಟರ್ ಮಧ್ಯೆ ಟೈಮ್ ಎಲ್ಲಿ ಅನ್ನೋರಿಗೆ ಒಂದೇ ಉತ್ತರ. ಕಾಲು ಗಂಟೆ ಅಂದರೆ ಹತ್ತು ರೀಲ್ಸ್.

ನೌಬಾದದ ಸುರಂಗ ಬಾವಿಯನ್ನೇ ನೋಡ್ರಿ. ಬಹಮನಿಗಳ ಕಾಲದಲ್ಲಿ ನೆಲದೊಳಗೆ ಕಾಲುವೆ ಕೊರೆದು, ಮೇಲೆ ಸಾಲಾಗಿ ಬಾವಿ ಬಿಟ್ಟು, ಪಂಪಿಲ್ಲದೆ ಇಳಿಜಾರಿನಲ್ಲೇ ನೀರು ಹರಿಸಿದ ಕೆಲಸ ಅದು. ಅದು ಏನು ಅಂತ ಮರೆತ ಮೇಲೆ ಜನರ ಕಣ್ಣಿಗೆ ಕಂಡಿದ್ದು ಬರೀ ಹಾಳು ಗುಂಡಿ. ಹೂಳು ತೆಗೆದು, ಸಾಲು ಗುರುತಿಸಿ, ಹೆಸರಿಟ್ಟು ಹೇಳಿದ ಮೇಲೆ ಅದು ಮತ್ತೆ ‘ಕರೇಜ್’ ಆಯಿತು. ಹೊರಗಿನವರು ಈಗ ನೋಡಲು ಬರ್ತಾರೆ. ಗುಂಡಿಗೂ ಕರೇಜಿಗೂ ನಡುವೆ ಇದ್ದಿದ್ದು ಗುರುತಿಸೋ ಕಣ್ಣು ಅಷ್ಟೇ.

ಹಾಗಾಗಿ ಕನ್ನಡ ಸಂಘಕ್ಕೆ ನನ್ನದೊಂದು ಬೇಡಿಕೆ. ಕ್ಯಾಂಪಸ್ಸಿಗೆ ಒಂದು ಗಿಡದ ಪುಸ್ತಕ ಇಡೋಣ. ದಿನಕ್ಕೊಬ್ಬರು, ಒಂದು ಗಿಡ, ಕಾಲು ಗಂಟೆ. ಎಲ್ಲಿದೆ, ಇವತ್ತು ಹೂವೋ ಕಾಯೋ, ಬೀದರ್ ಕನ್ನಡದಲ್ಲಿ ಏನಂತಾರೆ, ಮರಾಠಿ, ಉರ್ದು, ತೆಲುಗಿನಲ್ಲಿ ಏನಂತಾರೆ ಎಲ್ಲ ಬರೆಯೋಣ. ಭಾಲ್ಕಿ, ಔರಾದ್, ಜಹೀರಾಬಾದ್, ಉದಗೀರ್ ಕಡೆಯ ಹುಡುಗರೆಲ್ಲ ಒಂದೇ ಹಾಸ್ಟೆಲಿನಲ್ಲಿದ್ದಾಗ ಇದಕ್ಕಿಂತ ಒಳ್ಳೆ ಡೇಟಾಬೇಸ್ ಬೇಕಾ? ಒಂದೇ ಷರತ್ತು. ಹೇಳಿಕೊಟ್ಟವರ ಹೆಸರನ್ನ ಅವರನ್ನು ಕೇಳಿ ಬರೆಯಬೇಕು, ಅದು ಮಾಲಿ ಕಾಕಾ ಇರಲಿ, ಮೆಸ್ಸಿನ ಅಕ್ಕ ಇರಲಿ. ಆ ಶಿವಮೊಗ್ಗದ ಕಲಾವಿದನಿಗೆ ಆದದ್ದು ಇವರಿಗೆ ಆಗಬಾರದು.

ನಾಲ್ಕು ವರ್ಷದಲ್ಲಿ ನೂರು ಗಿಡ ಕಲಿತರೂ ಸಾಕು. ನಾಳೆ ಯಾವುದೋ ಸೈಟಿನಲ್ಲಿ ಪಟ್ಟಿ ಬರೆಯುವಾಗ ‘ಇತರೆ’ ಅನ್ನೋ ಕಾಲಮ್ಮು ಅಷ್ಟು ಚಿಕ್ಕದಾಗುತ್ತೆ. ಅಲ್ಲಿಂದ ಹೊರಬಂದ ಪ್ರತಿ ಮರದ ಬಗ್ಗೆ ‘ಇದನ್ನ ಕಡಿಯಲೇಬೇಕಾ?’ ಅಂತ ಕೇಳೋಕೆ ನಮಗೆ ಬಾಯಿ ಬರುತ್ತೆ.