ಮೂರು ಸೋಲುಗಳ ಲೆಕ್ಕ

ಸೋಲೇ ಗೆಲುವಿನ ಸೋಪಾನವೆಂಬ ಮಾತನ್ನು ನಮ್ಮ ವಿದ್ಯಾರ್ಥಿಗಳು ಎಷ್ಟು ಸಲ ಕೇಳಿದ್ದಾರೋ ತಿಳಿಯದು. ಕೇಳಲು ಹಿತವಾದ ಮಾತೇನೋ ಹೌದು. ಆದರೆ ಸೋಲು ತಾನಾಗಿಯೇ ಯಾರಿಗೂ ಏನನ್ನೂ ಕಲಿಸಲಾರದೆಂದು ನಮ್ಮ ಅಭಿಪ್ರಾಯ. ಅಮೆರಿಕದ ಸ್ಪೇಸ್‌ಎಕ್ಸ್ ಸಂಸ್ಥೆಯ ಎಳೆತನದ ಕಥೆ ಇದಕ್ಕೆ ನಿದರ್ಶನವಾಗಿದೆ.

2002ರಲ್ಲಿ ಸ್ಥಾಪಿತವಾದ ಈ ಸಣ್ಣ ಕಂಪನಿಯು ಫಾಲ್ಕನ್-1 ಎಂಬ ರಾಕೆಟ್ಟನ್ನು 2006ರ ಮಾರ್ಚಿಯಲ್ಲಿ ಶಾಂತಸಾಗರದ ಒಮೆಲೆಕ್ ದ್ವೀಪದಿಂದ ಮೊದಲ ಬಾರಿಗೆ ಹಾರಿಸಿತು. ಇಂಧನ ಸೋರಿ ಬೆಂಕಿ ಹತ್ತಿತು. ಸುಮಾರು ಅರ್ಧ ನಿಮಿಷದಲ್ಲಿ ಎಂಜಿನ್ನು ನಿಂತು ರಾಕೆಟ್ಟು ಕೆಳಗುರುಳಿತು. ಉಡಾವಣಾ ಸ್ಥಳದ ಕೆಲಸಗಾರರ ಅಜಾಗರೂಕತೆಯೇ ಕಾರಣವೆಂದು ಮೊದಲು ಹೇಳಲಾಯಿತು. ಅವಶೇಷಗಳನ್ನು ಪರೀಕ್ಷಿಸಿದಾಗ ಬೇರೆಯೇ ಸಂಗತಿ ಹೊರಬಿತ್ತು: ಕಡಲಿನ ಉಪ್ಪುಗಾಳಿಗೆ ಸಿಕ್ಕಿದ ಅಲ್ಯೂಮಿನಿಯಮ್ ನಟ್ಟೊಂದು ಒಳಗೊಳಗೇ ಕೆಟ್ಟು ಬಿರಿದಿತ್ತು. ಕೆಲಸಗಾರರನ್ನು ದೂರಿ ಸುಮ್ಮನಾಗಿದ್ದರೆ ಮುಂದಿನ ನಟ್ಟೂ ಹಾಗೆಯೇ ಬಿರಿಯುತ್ತಿತ್ತಲ್ಲವೆ?

2007ರ ಎರಡನೆಯ ಯತ್ನದಲ್ಲಿ ಮೇಲಿನ ಹಂತದ ತೊಟ್ಟಿಯೊಳಗೆ ದ್ರವ ಆಮ್ಲಜನಕ ತುಳುಕಾಡಿ ರಾಕೆಟ್ಟು ಹತೋಟಿ ತಪ್ಪಿತು.

ನಮಗೆ ಅತ್ಯಂತ ಸ್ವಾರಸ್ಯವಾಗಿ ತೋರುವುದು 2008ರ ಆಗಸ್ಟಿನ ಮೂರನೆಯ ಸೋಲು. ಹೊಸ ಎಂಜಿನ್ನಿನಲ್ಲಿ ಇಂಧನವೇ ಗೋಡೆಯ ಸಣ್ಣ ಕಾಲುವೆಗಳಲ್ಲಿ ಹರಿದು ಅದನ್ನು ತಂಪಾಗಿಡುತ್ತಿತ್ತು. ಎಂಜಿನ್ನು ನಿಂತ ಮೇಲೂ ಕಾಲುವೆಗಳಲ್ಲಿ ಉಳಿದ ಇಂಧನ ಕೊಂಚ ನೂಕುಬಲವನ್ನುಂಟುಮಾಡಿತು. ಕಳಚಿಕೊಂಡ ಕೆಳಹಂತವು ಮುಂದೆ ಸರಿದು ಮೇಲಿನದಕ್ಕೆ ಡಿಕ್ಕಿ ಹೊಡೆಯಿತು. ನೆಲದ ಪರೀಕ್ಷೆಗಳಲ್ಲಿ ಇದೇಕೆ ಕಾಣಲಿಲ್ಲ? ಆ ಉಳಿಕೆಯ ಒತ್ತಡ ನೆಲದ ಮೇಲಿನ ವಾಯುಭಾರಕ್ಕಿಂತ ಕಡಮೆಯಾಗಿತ್ತು. ಗಾಳಿಯೇ ಇಲ್ಲವೆನ್ನುವಷ್ಟು ಎತ್ತರದಲ್ಲಾದರೋ ಅಷ್ಟೇ ಸಾಕಾಯಿತು. ಪರಿಹಾರ ಎಷ್ಟು ಸರಳವೆಂದರೆ, ಎಂಜಿನ್ನು ನಿಲ್ಲುವುದಕ್ಕೂ ಹಂತ ಕಳಚುವುದಕ್ಕೂ ನಡುವೆ ಕೆಲವು ಸೆಕೆಂಡುಗಳ ಬಿಡುವನ್ನು ಕೂಡಿಸಿದರು, ಅಷ್ಟೆ. ಎಂಟು ವಾರಗಳ ತರುವಾಯ, ಸೆಪ್ಟೆಂಬರ್ 28ರಂದು, ನಾಲ್ಕನೆಯ ರಾಕೆಟ್ಟು ಕಕ್ಷೆಯನ್ನು ಸೇರಿತು.

ಆ ಹೊತ್ತಿಗೆ ಕಂಪನಿಯ ಹಣ ಬಹುಮಟ್ಟಿಗೆ ತೀರಿತ್ತು. ನಾಲ್ಕನೆಯದೂ ಬಿದ್ದಿದ್ದರೆ ಬಾಗಿಲು ಮುಚ್ಚಬೇಕಾಗುತ್ತಿತ್ತು. ಡಿಸೆಂಬರಿನಲ್ಲಿ ನಾಸಾದಿಂದ ಬಂದ 160 ಕೋಟಿ ಡಾಲರುಗಳ ಕರಾರೂ ಬರುತ್ತಿರಲಿಲ್ಲ. ಇಷ್ಟೇ ಶ್ರದ್ಧೆಯಿಂದ ಕಲಿತು, ಹಣ ಸಾಲದೆ ಅಳಿದ ಉದ್ಯಮಗಳ ಕಥೆಯನ್ನು ಬರೆಯುವವರು ವಿರಳ. ಸೋಲನ್ನು ಹೊಗಳುವವರು ಇದನ್ನು ಮರೆಯುತ್ತಾರೆ.

ಇನ್ನು ನಮ್ಮ ಕಾಲೇಜುಗಳ ಪ್ರಯೋಗಶಾಲೆಗೆ ಬರೋಣ. ಲೋಲಕದ ಪ್ರಯೋಗದಲ್ಲಿ ಗುರುತ್ವ ವೇಗೋತ್ಕರ್ಷ 9.8ರ ಬದಲು 9.4 ಬಂದರೆ ವಿದ್ಯಾರ್ಥಿಯು ನೆರೆಯವನ ಪುಸ್ತಕವನ್ನು ನೋಡಿ ಅಂಕಿಯನ್ನು ತಿದ್ದುತ್ತಾನೆ. 25 ಸೆಂಟಿಮೀಟರಿನ ಲೋಲಕದ ಉದ್ದವನ್ನು ಗುಂಡಿನ ಕೇಂದ್ರದವರೆಗೆ ಅಳೆಯದೆ, ದಾರ ಮುಗಿಯುವಲ್ಲಿಗೇ ನಿಲ್ಲಿಸಿ ಒಂದು ಸೆಂಟಿಮೀಟರನ್ನು ಬಿಟ್ಟರೂ ಇಷ್ಟು ವ್ಯತ್ಯಾಸ ಬರುತ್ತದೆ. 9.4 ಎಂದೇ ಬರೆದು, ಈ ಕಾರಣವನ್ನು ತಾನೇ ಕಂಡುಹಿಡಿದು ಕೆಳಗೆ ನಮೂದಿಸಿದ ವಿದ್ಯಾರ್ಥಿಗೆ ಪೂರ್ಣ ಅಂಕಗಳನ್ನು ಕೊಡಲು ನಮ್ಮ ಪರೀಕ್ಷಕರು ಸಿದ್ಧರಿದ್ದಾರೆಯೆ?