ಅಡ್ಜಸ್ಟ್ ಮಾಡಿಕೊಳ್ಳುವವರು ಯಾರು?

'ಸ್ವಲ್ಪ ಅಡ್ಜಸ್ಟ್ ಮಾಡಿ' ಎಂಬುದನ್ನು ಕನ್ನಡಿಗರ ದೊಡ್ಡಗುಣದ ಗುರುತು ಎಂದು ಹೊಗಳುವವರು ಬಹಳ. ಟೀ ಶರ್ಟಿನ ಮೇಲೂ ಅಚ್ಚು ಹಾಕಿಸಿದ್ದೇವೆ. ನನಗೆ ಈ ಹೊಗಳಿಕೆಯ ಮೇಲೇ ತಕರಾರು. ಪದ ಇಂಗ್ಲಿಷಿನದು ಎಂಬ ಕಾರಣಕ್ಕಲ್ಲ. ಬಸ್ಸು, ಟಿಕೇಟುಗಳ ಜೊತೆ ಅದೂ ಇರಲಿ. ಆದರೆ ಆ ಕ್ರಿಯಾಪದದಿಂದ ನಾವು ಮಾಡಿಸುತ್ತಿರುವ ಕೆಲಸ ಒಳ್ಳೆಯದಲ್ಲ.

ಇಂಗ್ಲಿಷಿನಲ್ಲಿ 'ಅಡ್ಜಸ್ಟ್' ಎಂದರೆ ಸಾಮಾನ್ಯವಾಗಿ ಏನನ್ನು ಎಂದು ಹೇಳುತ್ತಾರೆ: ಕನ್ನಡಿಯನ್ನು, ಗಡಿಯಾರವನ್ನು, ಬೆಲ್ಟನ್ನು. ಇಲ್ಲವೇ ಯಾವುದಕ್ಕೆ ಎಂದು: ಕಣ್ಣು ಕತ್ತಲೆಗೆ, ಮನುಷ್ಯ ಹೊಸ ಊರಿಗೆ. ನಮ್ಮ 'ಅಡ್ಜಸ್ಟ್ ಮಾಡಿ'ಯಲ್ಲಿ ಇವೆರಡೂ ಮಾಯ. ಅಳತೆಗೆ 'ಸ್ವಲ್ಪ' ಒಂದೇ. ಲೆಕ್ಕಪತ್ರದಲ್ಲಿ ಅಡ್ಜಸ್ಟ್‌ಮೆಂಟ್ ಎಂಟ್ರಿ ಹಾಕಿದರೆ ಡೆಬಿಟ್ಟಿನ ಎದುರು ಅಷ್ಟೇ ಮೊತ್ತದ ಕ್ರೆಡಿಟ್ ಇರಬೇಕು. ನಮ್ಮ ಮಾತಿನ ಅಡ್ಜಸ್ಟ್‌ಮೆಂಟಿಗೆ ಒಂದೇ ಕಾಲಂ. ಕೊಟ್ಟವರ ಹೆಸರಿಲ್ಲ, ಪಡೆದವರ ಹೆಸರೂ ಇಲ್ಲ.

ಹೈದರಾಬಾದಿನ ಐಟಿ ಕಚೇರಿಗಳನ್ನೇ ನೋಡಿ. ನ್ಯೂಯಾರ್ಕಿನ ಬೆಳಗಿನ 10 ಗಂಟೆ ಬೇಸಿಗೆಯಲ್ಲಿ ನಮಗೆ ಸಂಜೆ 7:30. ನವೆಂಬರಿನಲ್ಲಿ ಅವರು ತಮ್ಮ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಅದೇ ಮೀಟಿಂಗ್ ಇಲ್ಲಿ ರಾತ್ರಿ 8:30ಕ್ಕೆ ಬರುತ್ತದೆ. ಅಡ್ಜಸ್ಟ್ ಆದದ್ದು ಅವರ ಗಡಿಯಾರ, ಅಡ್ಜಸ್ಟ್ ಮಾಡಿಕೊಂಡದ್ದು ಇಲ್ಲಿನ ಹುಡುಗಿಯ ಕ್ಯಾಬು, ಊಟ, ಮಗುವಿನ ನಿದ್ದೆ. ಈ ಊರಿನಲ್ಲಿ ಅದನ್ನು ಕೇಳುವುದಕ್ಕೆ ಭಾಷೆಗೇನೂ ಬರವಿಲ್ಲ. ತೆಲುಗಿನವರು 'ಕೊಂಚೆಂ ಅಡ್ಜಸ್ಟ್ ಅವ್ವಂಡಿ' ಎನ್ನುತ್ತಾರೆ, ದಖ್ಖನಿಯವರು 'ಥೋಡಾ ಅಡ್ಜಸ್ಟ್ ಕರ್ ಲೋ' ಎನ್ನುತ್ತಾರೆ, ನಾವು 'ಅಡ್ಜಸ್ಟ್ ಮಾಡ್ಕೊಳ್ಳಿ' ಎನ್ನುತ್ತೇವೆ. ಮೂರು ಭಾಷೆಯಲ್ಲೂ ಹೇಳುವವರು ಮೇಲಿನವರು, ಕೇಳಿಸಿಕೊಳ್ಳುವವರು ಕೆಳಗಿನವರು. ತಂಡದ ಕಿರಿಯ ಹುಡುಗನೊಬ್ಬ ಉಪಾಧ್ಯಕ್ಷರಿಗೆ 'ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್' ಎಂದದ್ದನ್ನು ನಾನಂತೂ ಕಂಡಿಲ್ಲ.

ಇಂಗ್ಲಿಷ್ ಬರುವ ಮೊದಲು ನಾವೇನು ಸುಖವಾಗಿದ್ದೆವೇ ಎಂದು ಕೇಳಬಹುದು. ಇಲ್ಲ. ಗಂಡನ ಮನೆಗೆ ಹೊರಟ ಹೆಣ್ಣಿಗೆ 'ಅನುಸರಿಸಿಕೊಂಡು ಹೋಗಮ್ಮ' ಎಂದವರು ನಾವೇ. ತೆಲುಗಿನವರ 'ಸರ್ದುಕುಪೋ' ಅದರ ತಂಗಿ. ಆದರೆ ಆ ಮಾತಿನಲ್ಲಿ ಬಾಗಬೇಕಾದವಳು ಯಾರು ಎಂಬುದು ಬಯಲಾಗಿತ್ತು, ಬಯಲಾಗಿದ್ದರಿಂದಲೇ ಜಗಳಕ್ಕೆ ಎದುರಾಳಿ ಸಿಕ್ಕಿತು. 'ಅಡ್ಜಸ್ಟ್' ಅದಕ್ಕೆ ಇಸ್ತ್ರಿ ಹಾಕಿ ಮ್ಯಾನೇಜ್‌ಮೆಂಟ್ ಪದ ಮಾಡಿಬಿಟ್ಟಿದೆ. ಈಗ ಒಪ್ಪದವರು ಹಟಮಾರಿ, 'ಟೀಂ ಪ್ಲೇಯರ್ ಅಲ್ಲ'.

ಕೂಡಿ ಬಾಳುವುದಕ್ಕೆ ನನ್ನ ವಿರೋಧವಿಲ್ಲ. ಬಾಡಿಗೆ ಮನೆಯಲ್ಲಿ ಮೂವರಿದ್ದು ಒಂದೇ ಬಚ್ಚಲು ಇದ್ದರೆ ಸರದಿ ಬೇಕೇ ಬೇಕು. ಅಲ್ಲಿ ಮೂವರೂ ಬಿಟ್ಟುಕೊಡುತ್ತಾರೆ, ಮೂವರಿಗೂ ಸಿಗುತ್ತದೆ.

ಕನ್ನಡದಲ್ಲಿ ಹೊಂದಿಸುವುದು ಬೇರೆ, ಹೊಂದಿಕೊಳ್ಳುವುದು ಬೇರೆ. ಸರಿದು ಕೂರುವುದು, ಬಿಟ್ಟುಕೊಡುವುದು, ಸಹಿಸುವುದು, ನುಂಗಿಕೊಳ್ಳುವುದು ಎಲ್ಲವೂ ಬೇರೆ ಬೇರೆ. ಶನಿವಾರ ಕೆಲಸಕ್ಕೆ ಬರಬೇಕಾದರೆ 'ನಿಮ್ಮ ರಜೆ ಬಿಟ್ಟುಕೊಡಿ, ಬದಲಿಗೆ ಬುಧವಾರ ತೆಗೆದುಕೊಳ್ಳಿ' ಎನ್ನಲಿ. ಹಾಗೆ ಹೇಳಲು ಬಾಯಿ ತಡವರಿಸಿದರೆ, ಕೇಳುತ್ತಿರುವುದು ನ್ಯಾಯವಲ್ಲ ಎಂದು ಕೇಳುವವರಿಗೇ ಗೊತ್ತಿದೆ ಎಂದರ್ಥ. ಮುಂದಿನ ಸಲ ಯಾರಾದರೂ 'ಅಡ್ಜಸ್ಟ್ ಮಾಡ್ಕೊಳ್ಳಿ' ಎಂದರೆ ಜಗಳ ಬೇಡ, ಮೂರೇ ಪ್ರಶ್ನೆ ಕೇಳಿ: ಏನನ್ನು? ಎಷ್ಟು ದಿನ? ನೀವೆಷ್ಟು?